ಮಗಳ ಹೆಸರಿನ ಫಂಡು

ಮಗಳಿಗೆ ಬೀದಿ ಮೂಲೆಯ ಅಂಗಡಿ ಬೇಕಿತ್ತು. ಬ್ರೆಡ್ಡು, ಕೇಕು ಮಾಡಿ ಮಾರುವ ಆಸೆ ಅವಳಿಗೆ. ಸಂಜೆಯೊಳಗೆ ಮಾತು ಕೊಡದಿದ್ದರೆ ಕನ್ನಡಕದ ವ್ಯಾಪಾರದವನಿಗೆ ಕೊಟ್ಟುಬಿಡುವುದಾಗಿ ಅಂಗಡಿಯ ಒಡತಿ ಹೇಳಿದ್ದರು. ಬೆಳಿಗ್ಗೆಯಿಂದ ಮಗಳು ಒಂದು ಕಡೆ ಕೂತಿರಲಿಲ್ಲ. ನಾನು ಬಟ್ಟೆ ಹರವುತ್ತಿದ್ದರೆ ಹಿಂದೆಯೇ ಬಂದು ಕ್ಲಿಪ್ಪು ಕೊಡುತ್ತಾ, "ಅಮ್ಮಾ, ಸಾಲುತ್ತಲ್ವಾ?" ಎಂದು ಕೇಳುತ್ತಿದ್ದಳು.

"ಸಾಲೋದೇನು, ಮಿಗುತ್ತೆ ಕಣೇ," ಎಂದೆ.

ಧೈರ್ಯಕ್ಕೆ ಕಾರಣವಿತ್ತು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಮ್ಮ ಗಂಡಹೆಂಡಿರ ಜಂಟಿ ಖಾತೆಯಿಂದ ತಿಂಗಳು ತಿಂಗಳೂ ಒಂದು ಮ್ಯೂಚುವಲ್ ಫಂಡಿಗೆ ಕಂತು ಹೋಗುತ್ತಿದೆ. ಕಂಪ್ಯೂಟರಿನಲ್ಲಿ ಮನೆಲೆಕ್ಕದ ಸಾಫ್ಟ್‌ವೇರ್ ಇದೆ. ಎಷ್ಟು ಯೂನಿಟ್ ಬಂತೆಂದು ತುಂಬಿದರೆ ಸಾಕು, ಅವತ್ತಿನ ಬೆಲೆಯನ್ನು ಅದೇ ತಂದುಕೊಂಡು ಒಟ್ಟು ಮೊತ್ತ ತೋರಿಸುತ್ತದೆ. ನಾನು 'ಪುಟ್ಟಿ' ಎಂಬ ಹೆಸರಿನಲ್ಲಿ ತುಂಬುತ್ತಿದ್ದೆ.

ಅದರ ಕೆಳಗೆ 'ಗುಂಡಮ್ಮ' ಎಂಬ ಇನ್ನೊಂದು ಸಾಲಿತ್ತು. ಅವಳಪ್ಪ ಅವಳನ್ನು ಕರೆಯುವುದೇ ಹಾಗೆ. ಕೈಖರ್ಚಿನಲ್ಲಿ ಉಳಿಸಿ ಮಗಳಿಗೆ ಬೇರೆಯಾಗಿ ಕೂಡಿಡುತ್ತಿದ್ದಾರೆ ಎಂದು ನಾನು ಕರಗಿಹೋಗಿದ್ದೆ. ಅದೇ ಫಂಡು, ಅಷ್ಟೇ ಯೂನಿಟ್ಟು. ನನಗೆ ಸರಿಸಮ ನಿಲ್ಲುವ ಹಟ ಎಂದು ನಗುವೂ ಬಂದಿತ್ತು. ಹೇಳದೆ ಮಾಡುತ್ತಿರುವುದನ್ನು ಕೇಳಿ ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ.

ಊಟದ ತಟ್ಟೆ ತೊಳೆದಿಟ್ಟು ಬಂದಮೇಲೆ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು.

"ರೀ, ನಿಮ್ಮದನ್ನ ಈಗಲೇ ಮುಟ್ಟೋದು ಬೇಡ. ಮೊದಲು ಪುಟ್ಟಿದು ತೆಗೆಯೋಣ," ಎಂದೆ.

"ನನ್ನದಾ? ಯಾವುದು?"

"ಅದೇ, ಗುಂಡಮ್ಮಂದು. ನಾಚಿಕೆ ಯಾಕೆ, ನನಗೆಲ್ಲ ಗೊತ್ತು."

ಅವರು ಕಣ್ಣು ಕಣ್ಣು ಬಿಟ್ಟರು. "ಅದು ನಮ್ಮ ತಿಂಗಳ ಕಂತು ಕಣೇ. ನಿನಗೆ ಕೈತುಂಬ ಕೆಲಸ ಅಂತ ನಾನೇ ತುಂಬ್ತಾ ಇದ್ದೆ. ಪುಟ್ಟಿದು ನೀನು ಹೊಲಿಗೆ ದುಡ್ಡಲ್ಲಿ ಉಳಿಸಿದ್ದಲ್ವಾ? ಎಷ್ಟು ಜಾಣೆ ಅಂತ ಒಳಗೊಳಗೇ ಬೀಗ್ತಿದ್ದೆ!"

"ನನ್ನ ಹೊಲಿಗೆ ದುಡ್ಡು ದಾರ ಗುಂಡಿಗೇ ಸಾಲಲ್ಲ!"

ಮಗಳು ಫಂಡಿನವರು ಕಳಿಸಿದ ಸ್ಟೇಟ್‌ಮೆಂಟ್ ತೆರೆದಳು. ತಿಂಗಳಿಗೆ ಹೋಗುತ್ತಿದ್ದದ್ದು ಒಂದೇ ಕಂತು, ಅದನ್ನೇ ಇಬ್ಬರೂ ಒಂದೊಂದು ಹೆಸರಲ್ಲಿ ತುಂಬಿದ್ದೆವು. ನಾವು ನೆಚ್ಚಿಕೊಂಡಿದ್ದ ಮೊತ್ತದಲ್ಲಿ ಸರಿಯಾಗಿ ಅರ್ಧ ಮಾಯವಾಯಿತು.

ಅವಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವಳ ತುಟಿಯಂಚು ನಡುಗಿ, ಫಕ್ಕನೆ ನಗು ಉಕ್ಕಿತು.

"ಹೆತ್ತಿದ್ದು ಒಬ್ಬಳನ್ನ, ನಿಮ್ಮ ಲೆಕ್ಕದಲ್ಲಿ ಅವಳಿ ಜವಳಿ!"

"ಆ ಕನ್ನಡಕದವನ ಹತ್ರ ನಾವಿಬ್ಬರೂ ಮೊದಲು ಕನ್ನಡಕ ಹಾಕಿಸ್ಕೋಬೇಕು," ಎಂದರು ಅವಳಪ್ಪ. ಮರುಗಳಿಗೆಯೇ ದನಿ ತಗ್ಗಿಸಿ, "ಆಫೀಸಲ್ಲಿ ಸಾಲ ಕೇಳ್ತೀನಿ ಗುಂಡಮ್ಮ," ಎಂದರು.

"ಬೇಡಪ್ಪಾ. ಸ್ವಲ್ಪ ಇರಿ." ಅವಳು ಉಗುರು ಕಚ್ಚುತ್ತಾ ಕೂತಳು. "ಒವನ್ ಇಡೋಕೆ, ಮಾರೋಕೆ ಮುಂದಿನ ಭಾಗ ಸಾಕು. ಮೇಜು ಕುರ್ಚಿ ಹಾಕೋ ಶೋಕಿಗೆ ಹಿಂದಿನ ಕೋಣೇನೂ ಕೇಳಿದ್ದೆ."

ಒಡತಿಗೆ ಫೋನು ಹೋಯಿತು. ಅವರ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದು. "ಹಿಂದಿನ ಕೋಣೆ ಬಿಡ್ತೀಯೇನಮ್ಮ? ಪುಣ್ಯ ಬರ್ಲಿ! ನನ್ನ ಹಳೇ ಬೀರು ಮಂಚ ಎಲ್ಲಿಗೆ ಸಾಗಿಸಲಿ ಅಂತ ತಲೆ ಕೆಟ್ಟುಹೋಗಿತ್ತು. ಆ ಕನ್ನಡಕದೋರಿಗೂ ಪೂರ್ತಿ ಬೇಕಂತೆ. ಮುಂಗಡ, ಬಾಡಿಗೆ ಎರಡೂ ಅರ್ಧ ಕೊಡು, ಸಾಕು."

"ಗಿರಾಕಿಗಳು ಎಲ್ಲಿ ಕೂರ್ತಾರೆ ಪುಟ್ಟಿ?" ಎಂದೆ.

"ನಿಂತು ತಿನ್ನಲಿ ಬಿಡಮ್ಮಾ. ಸಾಲಲ್ಲಿ ಹಿಂದೆ ನಿಂತೋರಿಗೆ ಬೇಗ ಜಾಗ ಸಿಗುತ್ತೆ."

ಬೇಕಾದಷ್ಟು ಯೂನಿಟ್ ಮಾತ್ರ ಮಾರಿ, ಉಳಿದದ್ದನ್ನು ಹಾಗೇ ಬೆಳೆಯಲು ಬಿಡುವುದೆಂದು ತೀರ್ಮಾನವಾಯಿತು. ಅಪ್ಪ ಮಗಳು ಅಳತೆ ಟೇಪು ಹಿಡಿದು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ನಾನು ಒಣಗಿದ ಬಟ್ಟೆ ಮಡಿಸುತ್ತಾ ಕಿಟಕಿಯಿಂದ ಬಗ್ಗಿ ನೋಡಿದೆ. ಅವಳು ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು: "ಒವನ್ನು ಬಾಗಿಲಲ್ಲಿ ತೂರದಿದ್ರೆ ಬಾಗಿಲನ್ನೇ ಕೀಳೋಣಪ್ಪಾ!"