ಮೂರನೆಯ ಸುತ್ತು

ಸೆಪ್ಟೆಂಬರ್ ಅರ್ಧ ಕಳೆದಿತ್ತು. ಸಮುದ್ರದ ಕಡೆಯಿಂದ ಮೋಡ ಏಳುವ ಮುಂಚೆ ಆಲೂಗಡ್ಡೆ ಕಿತ್ತು ಮುಗಿಸಬೇಕೆಂದು ವುಬ್ಬೋ ಬೆಳಗಿನಿಂದ ಟ್ರ್ಯಾಕ್ಟರಿನಿಂದ ಇಳಿದಿರಲಿಲ್ಲ. ಜೇಡಿಮಣ್ಣು ಇನ್ನೂ ಒಣಗಿಕೊಂಡೇ ಇತ್ತು. ಒಂದು ಮಳೆ ಬಿದ್ದರೆ ಗಡ್ಡೆಯನ್ನು ಬಿಟ್ಟುಕೊಡುವ ಮಣ್ಣಲ್ಲ ಅದು. ಕಾಲುವೆಯ ಆಚೆ ಫ್ರೇರ್ಕನ ಹೊಲದಲ್ಲಿ ಯಾರೂ ಇರಲಿಲ್ಲ. ಫ್ರೇರ್ಕ್ ಬೆಳಗಿನ ಜಾವ ತೀರಿಕೊಂಡಿದ್ದ. ಬ್ರೆಡ್ಡಿನ ಗಾಡಿಯವನು ಮನೆಮನೆಗೆ ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕೊಟ್ಟು ಹೋಗಿದ್ದ.

ನಡುಹಗಲಿಗೆ ಚರ್ಚಿನ ಗೋಪುರದ ಗಂಟೆ ಬಾರಿಸಬೇಕು. ಗಂಡಸು ಸತ್ತರೆ ಮೂರು ಸುತ್ತು, ಹೆಂಗಸು ಸತ್ತರೆ ಎರಡು. ಬಾರಿಸಬೇಕಾದವನು ಪಕ್ಕದ ಮನೆಯವನು. ಪಾದ್ರಿ ಕೂಡ ಅದರಲ್ಲಿ ಕೈ ಹಾಕುವುದಿಲ್ಲ. ಫ್ರೇರ್ಕನ ಪಕ್ಕದ ಮನೆಯೆಂದರೆ ವುಬ್ಬೋನದು.

ಇಬ್ಬರಿಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲ. ಕಾಲುವೆಯ ಹೂಳು ಯಾರು ತೆಗೆಸಬೇಕು ಎಂಬಲ್ಲಿ ಶುರುವಾದ ಜಗಳ, ಒಂದು ವರ್ಷ ವುಬ್ಬೋನ ಗಡ್ಡೆಯೆಲ್ಲ ನಿಂತ ನೀರಿನಲ್ಲಿ ಕೊಳೆತ ಮೇಲೆ ಗಟ್ಟಿಯಾಗಿಬಿಟ್ಟಿತ್ತು. ಆದರೂ ವುಬ್ಬೋನ ಅಪ್ಪ ಸತ್ತ ದಿನ ಫ್ರೇರ್ಕ್ ಕರಿಯ ಕೋಟು ಹಾಕಿಕೊಂಡು ಬಂದ, ಮೂರು ಸುತ್ತು ಬಾರಿಸಿದ, ಕೊಟ್ಟ ಕಾಫಿಯನ್ನು ಮುಟ್ಟದೆ ಹೋದ. ಆ ಋಣ ಅಂದಿನಿಂದ ವುಬ್ಬೋನ ಎದೆಯ ಮೇಲೆ ಕೂತಿತ್ತು.

ಅವನು ಹೊಲದಿಂದ ಬಂದು, ಕೈಕಾಲು ತೊಳೆದು, ಕರಿಯ ಕೋಟು ತೊಟ್ಟು ಹಸಿರು ಬಾಗಿಲ ಪಕ್ಕದ ಮೊಳೆಗೆ ಕೈ ಹಾಕಿದ. ಮೊಳೆ ಖಾಲಿ.

"ಗೋಪುರದ ಕೀಲಿ ಎಲ್ಲಿ?"

ಒಲೆಯ ಮುಂದಿದ್ದ ಹೆಂಡತಿ ಹಿಲ್ಯೆ ತಿರುಗಿದಳು. "ಅಯ್ಯೋ ದೇವ್ರೇ! ಬ್ರೆಡ್ಡಿನವನು ಬರೋಕ್ ಮುಂಚೆ ಜರ್ಮನಿಯವ್ರು ಬಂದಿದ್ರು, ಗಂಡ ಹೆಂಡ್ತಿ, ಸೈಕಲ್ ಮೇಲೆ. ಗೋಪುರ ಹತ್ತಿ ನೋಡ್ತೀವಿ ಅಂದ್ರು. ಯಾವಾಗ್ಲೂ ಕೊಡೋ ಹಂಗೆ ಕೊಟ್ಟೆ. ನೋಡಾದ್ಮೇಲೆ ನಮ್ಮ ಟಪಾಲು ಡಬ್ಬಕ್ಕೆ ಹಾಕಿ ಅಂದಿದ್ದೆ."

ಡಬ್ಬದಲ್ಲಿ ಏನೂ ಇರಲಿಲ್ಲ. ವುಬ್ಬೋ ಚರ್ಚಿನವರೆಗೆ ಓಡಿದ. 'ಕೀಲಿ ಹಸಿರು ಬಾಗಿಲಿನ ಮನೆಯಲ್ಲಿದೆ' ಎಂಬ ಚೀಟಿಯ ಕೆಳಗೆ ಬೀಗ ಭದ್ರವಾಗಿತ್ತು. ಹತ್ತಿದವರು ಇಳಿದು, ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದರು.

"ಇನ್ನೊಂದು ಕೀಲಿ ಫ್ರೇರ್ಕನ ಮನೇಲಿದೆಯಲ್ಲ," ಅಂದಳು ಹಿಲ್ಯೆ. "ಚರ್ಚಿನ ಹಿರಿಯ ಆಗಿದ್ದ ಅವ್ನು. ಹೋಗಿ ಕೇಳು."

"ಅವ್ನ ಹೆಂಡ್ತೀನ ಏನಂತ ಕೇಳ್ಲಿ? ನಿನ್ ಗಂಡನಿಗೆ ಗಂಟೆ ಬಾರಿಸ್ಬೇಕು, ಆದ್ರೆ ಕೀಲಿ ಯಾರೋ ದಾರಿಹೋಕರ ಕೈಲಿದೆ ಅಂತಾನಾ?"

"ಹಂಗಾದ್ರೆ ನಾನು ಹೋಗ್ತೀನಿ."

"ಬೇಡ. ಹೆಂಡ್ತೀನ ಮುಂದೆ ಬಿಟ್ಟ ಅಂತಾರೆ."

"ಗಂಟೆನೇ ಬಾರಿಸ್ದೇ ಇದ್ರೆ ಏನಂತಾರೋ?"

ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಹೆಣದ ಮೇಲೆ ಸೇಡು ತೀರಿಸಿಕೊಂಡ ಅನ್ನುತ್ತಾರೆ.

ವುಬ್ಬೋ ಸೈಕಲ್ ಹತ್ತಿದ. ಈ ಊರಿನ ಗೋಪುರ ನೋಡಿದವರು ಮುಂದಿನ ಊರಿನ ವಾಲಿದ ಗೋಪುರ ನೋಡದೆ ಹೋಗುವುದಿಲ್ಲ. ಗಾಳಿ ಎದುರಿಗಿತ್ತು. ಕೋಟಿನ ಅಂಚು ಹಿಂದಕ್ಕೆ ಎಳೆಯುತ್ತಿತ್ತು. ವಾಲಿದ ಗೋಪುರ ಕಣ್ಣಿಗೆ ಕಾಣುತ್ತಿತ್ತೇ ಹೊರತು ಹತ್ತಿರವಾಗುತ್ತಿರಲಿಲ್ಲ.

ಅಲ್ಲಿ ಕೀಲಿ ಇಟ್ಟುಕೊಳ್ಳುವ ಮುದುಕ ಎಲ್ಟೋ ಸಮಾಧಿಗಳ ನಡುವೆ ಹುಲ್ಲು ಕತ್ತರಿಸುತ್ತಿದ್ದ.

"ಜರ್ಮನಿಯವ್ರಾ? ಬಂದಿದ್ರು ತಮ್ಮಾ. ಹತ್ತಿದ್ರು, ಇಳಿದ್ರು, ಗೋಡೆ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು, ಅದೇನೋ ಗೋಪುರ ಬೀಳದ ಹಂಗೆ ತಡೀತಿರೋ ಥರ. ಆ ಕಡೆ ಹೋದ್ರೋ, ಈ ಕಡೆ ಹೋದ್ರೋ ನೋಡ್ಲಿಲ್ಲ." ಮುದುಕ ಕೋಟನ್ನು ಮೇಲಿಂದ ಕೆಳಗೆ ನೋಡಿದ. "ಫ್ರೇರ್ಕ್ ಹೋದ ಅಂತ ಕೇಳ್ದೆ. ಗಂಟೆ ನಿಂದಲ್ವಾ? ಇಲ್ಲೇನ್ ಮಾಡ್ತಿದೀಯ?"

ವುಬ್ಬೋ ಬಾಯಿ ತೆರೆಯುವಷ್ಟರಲ್ಲಿ ಅವನ ತಲೆಯ ಮೇಲೆಯೇ ಆ ಊರಿನ ಗಡಿಯಾರ ಹನ್ನೆರಡು ಹೊಡೆಯತೊಡಗಿತು.

ಹಿಂತಿರುಗುವಾಗ ಗಾಳಿ ಬೆನ್ನಿಗಿದ್ದರೂ ದಾರಿ ಉದ್ದವಾಯಿತು. ಹೊಲಗಳಲ್ಲಿ ಯಂತ್ರಗಳು ನಿಂತಿದ್ದವು. ಜನ ಟೋಪಿ ಕೈಯಲ್ಲಿ ಹಿಡಿದು, ಸದ್ದಿಲ್ಲದ ಗೋಪುರದ ಕಡೆ ಮುಖ ಮಾಡಿ ಕಾಯುತ್ತಿದ್ದರು. ಅವನು ಹಾದುಹೋದ ಹಾಗೆ ಒಂದೊಂದೇ ಮುಖ ಇತ್ತ ತಿರುಗಿತು.

"ವುಬ್ಬೋ!" ಯಾರೋ ಕೂಗಿದರು. "ಹಗ್ಗ ಹರೀತಾ, ಇಲ್ಲ ಮನಸ್ಸು ಬರ್ಲಿಲ್ವಾ?"

ಅವನು ಪೆಡಲ್ ತುಳಿದ. ತನ್ನ ಮನೆಯ ಬಳಿ ನಿಲ್ಲಲಿಲ್ಲ. ಫ್ರೇರ್ಕನ ಅಂಗಳಕ್ಕೆ ಸೈಕಲ್ ತಿರುಗಿಸಿದ, ಜಗಳದ ನಂತರ ಮೊದಲ ಬಾರಿಗೆ.

ಹಿಂಬಾಗಿಲು ತೆರೆದಿತ್ತು. ಸಾವಿನ ಮನೆಯ ರೂಢಿಯಂತೆ ಅಡುಗೆಮನೆಯ ಕನ್ನಡಿಗೆ ಬಟ್ಟೆ ಹೊದಿಸಿದ್ದರು. ಫ್ರೇರ್ಕನ ಹೆಂಡತಿ ಮಾರ್ತ್ಯೆ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದಳು. ಅವಳು ಏಳಲಿಲ್ಲ.

"ಮಾರ್ತ್ಯೆ, ನಮ್ ಕೀಲಿ ಗೋಪುರ ನೋಡೋಕ್ ಬಂದವ್ರು ತಗೊಂಡ್ ಹೋದ್ರು. ಹುಡುಕ್ಕೊಂಡ್ ಹೋದೆ, ಸಿಗ್ಲಿಲ್ಲ. ನಿಮ್ದು ಕೊಡ್ಬೇಕು. ಹನ್ನೆರಡು ದಾಟೋಯ್ತು."

ಅವಳು ಗೋಡೆಯತ್ತ ತಲೆಯಲ್ಲೇ ಸನ್ನೆ ಮಾಡಿದಳು. ಅಲ್ಲಿ ಗಡಿಯಾರವನ್ನು, ಫ್ರೇರ್ಕನ ಉಸಿರು ನಿಂತ ಹೊತ್ತಿಗೇ, ನಿಲ್ಲಿಸಿದ್ದರು.

"ಈ ಮನೇಲಿ ಇನ್ನೂ ಐದೂ ಕಾಲು. ಗಡಿಯಾರದ ಹಿಂದೆ ಇದೆ ಕೀಲಿ. ತಗೋ."

ಗೋಪುರದೊಳಗೆ ತಂಪು, ಪಾರಿವಾಳದ ವಾಸನೆ. ಹಗ್ಗ ಕೈಗೆ ಸಿಕ್ಕಿತು. ಮೊದಲ ಎಳೆತಕ್ಕೆ ಮೇಲಿನ ಭಾರ ಅಲುಗಲಿಲ್ಲ, ಎರಡನೆಯದಕ್ಕೆ ನರಳಿತು, ಆಮೇಲೆ ಗಂಟೆ ತಾನಾಗಿಯೇ ಅವನನ್ನು ಎಳೆಯತೊಡಗಿತು. ಮೊದಲ ಸುತ್ತು ಮುಗಿಸಿ ನಿಂತ. ಎರಡನೆಯದು ಮುಗಿಯುವಾಗ ಅಂಗೈ ಸುಲಿದಿತ್ತು.

ಆಗ ಬಾಗಿಲಲ್ಲಿ ನೆರಳು ಬಿತ್ತು. ಸೈಕಲ್ಲಿನ ಗಂಡ ಹೆಂಡತಿ, ಬೆವರಿ ಕೆಂಪಾಗಿ ನಿಂತಿದ್ದರು. ಹೆಂಗಸು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಚೀಲದಲ್ಲೇ ಉಳಿದುಬಿಟ್ಟಿತ್ತು, ಕ್ಷಮಿಸಿ. ಇವತ್ತು ಹಬ್ಬನಾ? ಗಂಟೆ ಆಡೋದನ್ನ ಮೇಲೆ ಹತ್ತಿ ನೋಡಬಹುದಾ?"

ವುಬ್ಬೋ ತನಗೆ ಬರುವ ಹರುಕು ಜರ್ಮನ್‌ನಲ್ಲಿ, ಒಬ್ಬ ಸತ್ತಿದ್ದಾನೆ ಅಂದ. ಗಂಡಸು ತಕ್ಷಣ ಟೋಪಿ ತೆಗೆದ. ಹೆಂಗಸಿನ ಮುಖ ಬಿಳಚಿತು. ಕೀಲಿ ಕೊಟ್ಟರು, ಕೈ ಕುಲುಕಿದರು, ಮತ್ತೆ ಮತ್ತೆ ಕ್ಷಮೆ ಕೇಳಿದರು. ಅವರು ಹೋದ ಮೇಲೆ ಅವನು ಬಾಗಿಲಿಗೆ ಬೀಗ ಹಾಕಿ, ಎರಡು ಕೀಲಿಗಳನ್ನೂ ಹಿಡಿದುಕೊಂಡು ಹೊರಟ. ಮೈ ಹಗುರವಾಗಿತ್ತು.

ಮಾರ್ತ್ಯೆ ಈಗ ಅಂಗಳದ ಬೇಲಿಯ ಹತ್ತಿರ ನಿಂತಿದ್ದಳು. ಕೀಲಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನಿಮ್ಮಪ್ಪಂಗೆ ಅವ್ರು ಮೂರು ಬಾರಿಸಿದ್ರು," ಅಂದಳು.

ವುಬ್ಬೋನಿಗೆ ತಟ್ಟನೆ ಹೊಳೆಯಲಿಲ್ಲ.

"ಎರಡಕ್ಕೆ ನಿಲ್ಲಿಸಿದ್ರೆ ಸತ್ತಿದ್ದು ಹೆಂಗಸು ಅಂತಾಯ್ತು. ನಾನಿನ್ನೂ ಇದೀನಪ್ಪ."

ಆಚೆ ಹೊಲದಲ್ಲಿ ಜನ ಇನ್ನೂ ಟೋಪಿ ಹಾಕಿಕೊಂಡಿರಲಿಲ್ಲ. ವುಬ್ಬೋ ಸುಲಿದ ಅಂಗೈಯನ್ನು ಕೋಟಿಗೆ ಒರೆಸಿಕೊಂಡ, ಫ್ರೇರ್ಕನ ಕೀಲಿಯನ್ನು ಬಿಗಿಯಾಗಿ ಹಿಡಿದು, ಗೋಪುರದ ಕಡೆ ಮತ್ತೆ ನಡೆದ.