ಆರಿಸಿ ಕೊಟ್ಟ ಮಣ್ಣು

ತಪ್ಪು ನನ್ನದೇ. ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರವರು ಉಪ್ಪು-ಖಾರ ಹಚ್ಚಿ ಹೇಳುತ್ತಾರೆ.

ಮಳಖೇಡದ ಆಚೆ ನಮ್ಮದು ನಾಲ್ಕು ಎಕರೆ ಎರೆ ಹೊಲ. ಮಳೆ ನಂಬಿ ಹಿಂಗಾರಿ ಜೋಳ ಬಿತ್ತುತ್ತೇವೆ. ಎರಡು ವರ್ಷದಿಂದ ತೆನೆ ನನ್ನ ಮುಷ್ಟಿಯಷ್ಟೂ ಬಂದಿರಲಿಲ್ಲ. ಮಣ್ಣು ಪರೀಕ್ಷೆಗೆ ಕೊಡೋಣ ಎಂದು ನಮ್ಮ ಮನೆಯವರು, ಭಾಗಣ್ಣ, ಸೇಡಂನಿಂದ ಚೀಲ ತಂದರು. ತುಂಬುವ ಕೆಲಸ ನನಗೆ ಬಿತ್ತು.

ಸರ್ಕಾರದವರ ಮುಂದೆ ಹೋಗುವ ಮಣ್ಣು! ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹರಕು ಸೀರೆಯಲ್ಲಿ ನಿಲ್ಲಿಸುತ್ತೇವೆಯೇ? ಮಾವನ ಕಾಲದಲ್ಲಿ ತಿಪ್ಪೆಯಿದ್ದ ಬದುವಿನ ಹತ್ತಿರ ಅಗೆದೆ. ಕಲ್ಲು ಆರಿಸಿ, ಜರಡಿ ಹಿಡಿದು ತುಂಬಿದೆ.

‘ಸಾರ ಉತ್ತಮ, ಗೊಬ್ಬರದ ಅಗತ್ಯ ಕಡಿಮೆ’ ಎಂದು ಚೀಟಿ ಬಂತು. ಮನೆಯವರು ಅದನ್ನು ಚಹಾದಂಗಡಿಯಲ್ಲೆಲ್ಲ ಓದಿ ತೋರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರತಿ ಬೇಸಿಗೆ ಐನಾಪುರದ ಅಂಬರಾಯ ಕುರಿ ಹಿಂಡು ತರುತ್ತಾನೆ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಹಿಕ್ಕೆ, ಗಂಜಲ ಎಲ್ಲ ಸಿಗುತ್ತದೆ. ಈ ಸಲ ಕಡೆಯ ನಾಲ್ಕು ದಿನ ನಮ್ಮ ಪಾಳಿ. ಅದನ್ನು ಪಕ್ಕದ ಹೊಲದ ಸಾಯಬಣ್ಣನಿಗೆ ದಾನ ಮಾಡಿಬಂದರು.

“ನಮ್ಮ ಹೊಲಕ್ಕ ಏನೂ ಬೇಕಾಗಿಲ್ಲಂತ, ಸಾಬಮ್ಮ. ಚೀಟಿನೇ ಹೇಳ್ಯಾದ,” ಎಂದರು ನನಗೆ.

ನಾನು ರೊಟ್ಟಿ ಬಡಿಯಲು ಕೂತೆ. ಮರುದಿನ ಸಂಜೆ ಮೋಡ ಕಟ್ಟಿತು. ಈ ಪಾಳಿ ಮುಗಿದರೆ ಅಂಬರಾಯ ಊರಿಗೆ ಹೋಗುತ್ತಾನೆ. ಮತ್ತೆ ಬರುವುದು ಮುಂದಿನ ಬೇಸಿಗೆಗೆ. ಮೂರನೇ ವರ್ಷವೂ ಆ ಬಡಕಲು ತೆನೆ ಕೊಯ್ಯಬೇಕಲ್ಲ! ಓಡಿದೆ. ಹಿಂಡು ಸಾಯಬಣ್ಣನ ಹೊಲದ ದಾರಿ ಹಿಡಿದಿತ್ತು. ನಮ್ಮವರೂ ಅಲ್ಲೇ ಇದ್ದರು.

“ಅಂಬರಾಯಣ್ಣ, ನಿಂದ್ರು! ಆ ಚೀಟಿ ಹೊಲದ್ದಲ್ಲ, ನಮ್ಮ ಹಳೀ ತಿಪ್ಪಿದು. ನಾನೇ ಆರಿಸಿ ತುಂಬೀನಿ.”

ಅಂಬರಾಯ ಕೋಲಿಗೆ ಆತು ನಕ್ಕ. ಸಾಯಬಣ್ಣನೂ ನಕ್ಕ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಮ್ಮವರು ಮಾತ್ರ ನಗಲಿಲ್ಲ.

“ಚೀಲ ಮುಟ್ಟಿದಾಗ್ಲೇ ಗೊತ್ತಾಗಿತ್ತು,” ಎಂದರು ಮೆಲ್ಲಗೆ. “ಅಷ್ಟು ಮೆತ್ತಗಿನ ಮಣ್ಣು ನಮ್ಮ ಹೊಲದಾಗ ಎಲ್ಲಿ ಅದ? ಖರೇ ಹೇಳ್ತೀನಿ, ಚೀಟಿ ಓದಿ ಭಾಳ ಖುಷಿ ಆತು. ಸುಮ್ನಾದೆ.”

ಸಿಟ್ಟು ಬಂತು, ಹಿಂದೆಯೇ ಪಾಪ ಅನ್ನಿಸಿತು. ಇಷ್ಟು ವರ್ಷ ಆ ಹೊಲವನ್ನು ಯಾರಾದರೂ ಹೊಗಳಿದ್ದರೆ ತಾನೆ!

“ಎರಡು ದಿನ ನನಗ, ಎರಡು ದಿನ ನಿಮಗ,” ಎಂದ ಸಾಯಬಣ್ಣ. “ಮೊದಲು ನೀವೇ ಮಲಗಿಸ್ಕೊಳ್ರಿ. ಬೆಳಿಗ್ಗೆ ಖರೇ ಮಣ್ಣು ತುಂಬ್ಕೊಂಡು ನಾಳಿಂದ ಸುರು ಮಾಡ್ರಿ. ಇವತ್ತು ಕುರಿ ಬೀಳು ನೆಲದಾಗ ಇರ್ಲಿ.”

ರೈತ ಸಂಪರ್ಕ ಕೇಂದ್ರದ ಶ್ರುತಿ ಮೇಡಂಗೆ ಫೋನ್ ಮಾಡಿ, ಪರೀಕ್ಷೆಗೆ ಮಣ್ಣು ಹೇಗೆ ತುಂಬಬೇಕು ಎಂದು ಕೇಳಿದೆ. ಕುರಿ ಹೊಲಕ್ಕೆ ಬರುವ ಮೊದಲೇ ಎಂಟು ಕಡೆ ಅಗೆದು ಕೂಡಿಸಿ ತುಂಬಿರಿ ಎಂದರು. ಬೆಳಿಗ್ಗೆ ಇಬ್ಬರೂ ಅಗೆದೆವು, ಕಲ್ಲುಮೂಲೆಯನ್ನೂ ಬಿಡದೆ. ನಮ್ಮವರು ಆ ಮೂಲೆಯ ಬಿಳಿಚಿದ ಹೆಂಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದರು. ಕೈಮೇಲೆ ಹೊಡೆದೆ.

“ಇರ್ಲಿ ಬಿಡ್ರಿ, ಅದೂ ನಮ್ದೇ.”

ಕುರಿ ಎರಡು ರಾತ್ರಿ ಮಲಗಿ ಎದ್ದವು. ಕಾಲಿಡಲು ಜಾಗವಿಲ್ಲದಷ್ಟು ಹಿಕ್ಕೆ. ಅದು ಒಣಗಿ ಹಾರುವ ಮೊದಲೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸಿದೆವು. ಮರುದಿನವೇ ಹದವಾದ ಮಳೆ ಬಿತ್ತು. ಅವತ್ತು ಎರಡು ರೊಟ್ಟಿ ಹೆಚ್ಚೇ ತಿಂದೆ.

ಸೇಡಂನಲ್ಲಿ ಶ್ರುತಿ ಮೇಡಂ ಹೊಸ ಚೀಲದೊಳಗೆ ಇಣುಕಿ ಹುಬ್ಬೇರಿಸಿದರು.

“ಇದು ಅದೇ ಹೊಲದ್ದೇನ್ರಿ?”

ಉತ್ತರ ಕೊಟ್ಟವರು ನಮ್ಮವರು.

“ಅದೇರಿ ಮೇಡಂ. ಮೊದಲಿಂದು ಹೆಣ್ಣು ತೋರಸಾಕ ತಂದಿದ್ವಿ. ಇದು ದುಡದು ನಮಗ ಅನ್ನ ಹಾಕೋ ಹೆಣ್ಣು.”