ಮಹಾರಾಜನ ಸೆಂಟು

ನಮ್ಮ ಭಾವನಿಗೆ ಸಂಬಳ ಬರುತ್ತಿದ್ದದ್ದು ಮೂಗಿಗೆ. ಸೋಪಿನ ಕಾರ್ಖಾನೆಯಲ್ಲಿ ಅವರು ಪರಿಮಳ ಪರೀಕ್ಷಕರು. ಪ್ರತಿ ಪಾಕದಿಂದಲೂ ಒಂದು ತುಂಡು ಕತ್ತರಿಸಿ, ಬಿಳಿ ತಟ್ಟೆಯಲ್ಲಿಟ್ಟು ಅವರ ಮೇಜಿಗೆ ತರುತ್ತಿದ್ದರು. ಭಾವ ಕಣ್ಣು ಮುಚ್ಚಿ, ಕತ್ತನ್ನು ಓರೆ ಮಾಡಿ, ಹೊಳ್ಳೆ ಅರಳಿಸಿ ಮೂಸುತ್ತಿದ್ದರು. ‘ಪಾಸು’ ಎಂದರೆ ಸೋಪು ಡಬ್ಬಿಗೆ, ‘ಕುಟ್ಟಿ’ ಎಂದರೆ ಮತ್ತೆ ಕಡಾಯಿಗೆ. ಬೆನ್ನ ಹಿಂದೆ ಕಾರ್ಖಾನೆಯವರೆಲ್ಲ ಅವರನ್ನು ‘ಮೂಗು’ ಎಂದೇ ಕರೆಯುತ್ತಿದ್ದರು. ವಿಷಯ ಗೊತ್ತಾದಾಗ ಭಾವ ಅದನ್ನು ಬಿರುದು ಎಂದುಕೊಂಡರು.

ಈ ಮೂಗು ಸಂಜೆಯಾದರೆ ಮನೆಗೂ ಬರುತ್ತಿತ್ತು, ತೊಂದರೆ ಅದು. ಅಕ್ಕ ಒಗೆದು ಒಣಗಿಸಿ ಮಡಚಿದ ಚಾದರವನ್ನು ಬಿಡಿಸಿ ಮುಖಕ್ಕೆ ಹಿಡಿದು, “ಇನ್ನೂ ಇದೆ” ಎನ್ನುತ್ತಿದ್ದರು. ಏನಿದೆ ಎಂದು ಹೇಳುತ್ತಿರಲಿಲ್ಲ. ಅಕ್ಕ ಮತ್ತೆ ಬಕೆಟ್ಟಿಗೆ ಹಾಕುತ್ತಿದ್ದಳು. ಪಾತ್ರೆ, ಟವೆಲ್ಲು, ತಲೆದಿಂಬು, ಒಮ್ಮೆ ಅಕ್ಕನ ಕೂದಲು ಕೂಡ: “ಇನ್ನೂ ಇದೆ.” ಪರೀಕ್ಷೆಗೆ ಓದುವ ನೆಪದಲ್ಲಿ ಅವರ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದ ನಾನು ನನ್ನ ಸಾಕ್ಸನ್ನು ಕಿಟಕಿಯ ಆಚೆ ಮೊಳೆಗೆ ನೇತು ಹಾಕಿ ಬದುಕುತ್ತಿದ್ದೆ.

ಆ ಮನೆಯಲ್ಲಿ ‘ವಾಸನೆ’ ಎಂಬ ಮಾತಿಗೆ ಪ್ರವೇಶವಿರಲಿಲ್ಲ. ನಾನೊಮ್ಮೆ ಬಾಯ್ತಪ್ಪಿ ಅಂದದ್ದಕ್ಕೆ ಭಾವ ಊಟ ನಿಲ್ಲಿಸಿ ಪಾಠ ಮಾಡಿದರು.

“ವಾಸನೆ ಅಂದ್ರೆ ಏನಮ್ಮ? ಹೂವಿಗೂ ಅದೇ ಮಾತು, ಗಟಾರಕ್ಕೂ ಅದೇ ಮಾತು. ಎರಡೂ ಪಾರ್ಟಿಗೆ ಸಾಕ್ಷಿ ಹೇಳೋ ಪದ ಅದು. ಒಳ್ಳೇದಾದ್ರೆ ಪರಿಮಳ ಅನ್ನು, ಕೆಟ್ಟದ್ದಾದ್ರೆ ನಾತ ಅನ್ನು. ನನ್ನೆದುರಿಗೆ ವಾಸನೆ ಗೀಸನೆ ಬೇಡ.”

ಇಂಥ ಮನೆಯಲ್ಲಿ ಮಹಾರಾಜ ಇದ್ದ. ಮರಿಯಾಗಿದ್ದಾಗ ಅಕ್ಕ ಬೀದಿಯಿಂದ ಎತ್ತಿ ತಂದ ಕಂದು ನಾಯಿ. ತಟ್ಟೆಯಲ್ಲಿ ಹಾಕಿದ್ದನ್ನು ಮೂಸಿ, ಅಕ್ಕನ ಮುಖವನ್ನೊಮ್ಮೆ ಕನಿಕರದಿಂದ ನೋಡಿ, ಹಿತ್ತಲಿಗೆ ನಡೆಯುತ್ತಿದ್ದ. ಬೆಕ್ಕಿನ ಹೇಲು ಅವನಿಗೆ ಮಿಠಾಯಿ. ಅದು ಸಿಗದ ದಿನ ತನ್ನದನ್ನೇ ತಿಂದು ಸುಧಾರಿಸಿಕೊಳ್ಳುತ್ತಿದ್ದ. ತಿಂದು ಬಂದು, ಅದೇ ಬಾಯಲ್ಲಿ ಮನೆಮಂದಿಯ ಕೆನ್ನೆ ನೆಕ್ಕುವ ಪ್ರೀತಿ ಬೇರೆ. ಇನ್ನು ಸಿಂಗಾರ. ಸತ್ತ ಇಲಿ, ಕೊಳೆತ ಮೀನು, ಯಾವುದೋ ಮಗುವಿನ ಡೈಪರು, ಏನು ಸಿಕ್ಕರೂ ಮೊದಲು ಕತ್ತಿನ ಒಂದು ಬದಿ, ಆಮೇಲೆ ಭುಜ, ಆಮೇಲೆ ನಾಲ್ಕೂ ಕಾಲು ಮೇಲೆ. ಮದುವೆಗೆ ಹೊರಟವರು ಸೆಂಟು ಹಾಕಿಕೊಳ್ಳುವಷ್ಟೇ ಶ್ರದ್ಧೆ.

ಅಕ್ಕ ಅವನನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ಒತ್ತಿ, ಹಲ್ಲು ನೋಡಿ, ಕೈ ತೊಳೆದುಕೊಂಡರು.

“ರೋಗ ಏನಿಲ್ಲಮ್ಮ. ರುಚಿ ಅಷ್ಟೆ.”

“ರುಚಿಗೆ ಏನಾದ್ರೂ ಔಷಧಿ?”

“ಮನುಷ್ಯರ ರುಚಿಗೇ ಇಲ್ಲ. ಹಿತ್ತಲು ಚೊಕ್ಕಟವಾಗಿಡಿ, ಸರಪಳಿ ಹಿಡ್ಕೊಂಡೇ ತಿರುಗಾಡ್ಸಿ. ಬಾಯಿ ಹಾಕಿದ ಕೂಡ್ಲೆ ‘ಬಿಡು’ ಅನ್ನಿ. ಬಿಟ್ರೆ ಒಂದು ಚೂರು ಬಿಸ್ಕತ್ತು ಕೊಡಿ.”

ಮಹಾರಾಜ ಒಂದೇ ವಾರದಲ್ಲಿ ಕಲಿತ. ‘ಬಿಡು’ ಎಂದರೆ ಬೇಗ ನುಂಗು ಎಂದರ್ಥ, ನುಂಗಿದ ಮೇಲೆ ಬಿಸ್ಕತ್ತು.

ಕೊನೆಗೊಂದು ದಿನ ಅವನು ಸತ್ತ ಹೆಗ್ಗಣದ ಸೆಂಟು ಹಾಕಿಕೊಂಡು ಬಂದು, ಇಸ್ತ್ರಿ ಮಾಡಿಟ್ಟಿದ್ದ ಭಾವನ ಬಿಳಿ ಅಂಗಿಗೆ ಮೈ ತಿಕ್ಕಿದ. ಭಾವ ಮೂರು ಕೋಣೆ ದೂರದಿಂದಲೇ ಕೂಗಿದರು.

“ಈ ಭಾನುವಾರ ಇವನು ಈ ಮನೆಯಲ್ಲಿರಲ್ಲ! ನಮ್ಮ ಕಾವಲುಗಾರನಿಗೆ ಕೊಟ್ಟುಬಿಡ್ತೀನಿ. ಕಾರ್ಖಾನೆ ಹಿಂದೆ ಕೊಬ್ಬು ಕಾಯಿಸೋ ಶೆಡ್ಡಿದೆ. ಮೇಸ್ತ್ರಿಗಳೇ ಅಲ್ಲಿ ವಾರ ನಿಲ್ಲಲ್ಲ, ಆ ನಾತಕ್ಕೆ ಓಡಿಹೋಗ್ತಾರೆ. ಇವನಿಗೆ ಹೇಳಿ ಮಾಡಿಸಿದ ಜಾಗ.”

ಅಕ್ಕ ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಬಾಗಿಲ ಹಿಂದೆ ನೇತಾಡುತ್ತಿದ್ದ ಸರಪಳಿಯನ್ನು ತೆಗೆದು ತನ್ನ ಬಟ್ಟೆಗಳ ನಡುವೆ ಬಚ್ಚಿಟ್ಟಳು. ಸರಪಳಿ ಇಲ್ಲದೆ ನಾಯಿಯನ್ನು ಹೇಗೆ ಒಯ್ಯುತ್ತಾರೆ ಎಂಬುದು ಅವಳ ಲೆಕ್ಕ.

ಅದರ ಅಗತ್ಯ ಬೀಳಲಿಲ್ಲ. ಭಾನುವಾರಕ್ಕೆ ಮೊದಲೇ ಭಾವನಿಗೆ ಶೀತ ಬಂತು. ಜ್ವರ ಬಂತು, ಕೆಮ್ಮು ಬಂತು, ಒಂದೊಂದಾಗಿ ಎಲ್ಲ ಹೋದವು. ಭಾವ ಕೆಲಸಕ್ಕೆ ಹೊರಟರು. ಆದರೆ ಮನೆಯಲ್ಲಿ ಏನೋ ಕೆಟ್ಟಿತ್ತು. ಹಾಲು ತಳ ಹಿಡಿದು ಸೀದ ದಿನ ಭಾವ ಅದನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಚಾದರದ ಬಗ್ಗೆ ಚಕಾರವಿಲ್ಲ. ನನ್ನ ಸಾಕ್ಸು ಒಳಗೆ ಬಂತು, ಯಾರೂ ಕೇಳಲಿಲ್ಲ.

“ಭಾವ ಒಳ್ಳೆಯವರಾಗ್ಬಿಟ್ರಾ ಹೇಗೆ?” ಅಂದೆ.

“ಈ ವಯಸ್ಸಲ್ಲಿ ಯಾರೂ ಒಳ್ಳೆಯವರಾಗಲ್ಲ ಕಣೆ,” ಅಂದಳು ಅಕ್ಕ. “ಬೇರೆ ಏನೋ ಆಗಿದೆ.”

ಏನಾಗಿದೆ ಎಂದು ತೋರಿಸಿಕೊಟ್ಟವನು ಮಹಾರಾಜ. ಒಂದು ಸಂಜೆ ಮೀನಿನ ಅಂಗಡಿಯ ಹಿಂದಿನ ತೊಟ್ಟಿಯಿಂದ ನೇರವಾಗಿ ಬಂದ. ನಾನು ಪುಸ್ತಕ ಬಿಟ್ಟು ಕಿಟಕಿಗೆ ಓಡಿದೆ, ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಭಾವ ಸೋಫಾದಲ್ಲಿ ಕೂತು ಪೇಪರು ಓದುತ್ತಿದ್ದರು. ನಾಯಿ ಹೋಗಿ ಅವರ ತೊಡೆಯ ಮೇಲೆ ಎದೆಯಿಟ್ಟು ನಿಂತಿತು. ಭಾವ ಪೇಪರಿನಿಂದ ಕಣ್ಣೆತ್ತದೆ ಅದರ ಬೆನ್ನು ಸವರಿದರು.

ಅಕ್ಕ ಸೆರಗು ತೆಗೆದಳು.

“ರೀ, ನಿಮ್ಮ ಮೂಗು ಹೋಗಿದೆ.”

“ಮುಖದ ಮೇಲೇ ಇದೆಯಲ್ಲ.”

“ಮಹಾರಾಜ ನಿಮ್ಮ ತೊಡೆ ಮೇಲಿದ್ದಾನೆ.”

“ಇರ್ಲಿ ಬಿಡು, ಪಾಪ.”

“ಪಾಪ ಅಂತೆ! ಅವನ ಬೆನ್ನ ಮೇಲೆ ಒಂದು ಇಡೀ ಮೀನು ಕೊಳೆತು ಕೂತಿದೆ ಕಣ್ರೀ!”

ಭಾವನ ಕೈ ನಾಯಿಯ ಬೆನ್ನ ಮೇಲೇ ನಿಂತಿತು. ನಿಧಾನವಾಗಿ ಅದನ್ನು ಎತ್ತಿ ಮೂಗಿನ ಹತ್ತಿರ ತಂದರು. ಮೂಸಿದರು. ಮತ್ತೊಮ್ಮೆ ಮೂಸಿದರು. ಅವರ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು, ಆದರೆ ಕಿಟಕಿ ಬಿಟ್ಟು ಹತ್ತಿರ ಹೋಗುವಷ್ಟಲ್ಲ.

“ಯಾರಿಗೂ ಹೇಳ್ಬೇಡ,” ಅಂದರು. “ಶೀತ ಬಂದಾಗಿಂದ ಹೀಗೆ. ಗೊತ್ತಾದ್ರೆ ಕುರ್ಚಿ ಹೋಗುತ್ತೆ. ಈ ಮೂಗು ಬಿಟ್ರೆ ನನ್ನ ಹತ್ರ ಏನಿದೆ?”

ಅಕ್ಕ ಈ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ಹೋಗಲಿಲ್ಲ. “ಮತ್ತೆ ಇಷ್ಟು ದಿನ ಹೇಗೆ ಪಾಸು ಮಾಡ್ತಿದ್ರಿ?”

“ತಟ್ಟೆ ತರೋಳ ಮುಖ ನೋಡ್ತೀನಿ. ಅವಳು ಮುಖ ಸೊಟ್ಟ ಮಾಡಿದ್ರೆ ಕುಟ್ಟಿ.”

“ನೀವು ಕಣ್ಣು ಮುಚ್ಕೊಂಡು ತಾನೇ ಮೂಸೋದು ಭಾವ?” ಅಂದೆ ನಾನು.

“ಒಂದು ಅರ್ಧ ತೆರೆದಿರುತ್ತೆ.”

ಅಂದೇ ಒಪ್ಪಂದವಾಯಿತು. ಅಕ್ಕ ಯಾರಿಗೂ ಹೇಳುವುದಿಲ್ಲ, ಮಹಾರಾಜ ಮನೆಯಲ್ಲೇ ಇರುತ್ತಾನೆ. ಸರಪಳಿ ಅಕ್ಕನ ಬಟ್ಟೆಗಳ ನಡುವಿನಿಂದ ಬಾಗಿಲ ಹಿಂದಕ್ಕೆ ವಾಪಸು ಬಂತು. ಭಾವ ಅನುಮಾನವಿದ್ದ ತುಂಡುಗಳನ್ನು ಮನೆಗೆ ತಂದು, ಅಕ್ಕ ಮೂಸಿ ಹೇಳಲಿ ಎಂದರು. ಅಕ್ಕ ಒಪ್ಪಲಿಲ್ಲ.

“ನಾನು ಮೂಸಲ್ಲ. ನನಗೂ ಒಂದು ಮೂಗಿದೆ ಅಂತ ಇಷ್ಟು ವರ್ಷ ನೀವೇ ಒಪ್ಪಿರಲಿಲ್ಲ. ಈಗ ಅದನ್ನ ಯಾಕೆ ಕರೀತೀರಿ? ನಿಮ್ಮ ಮಹಾರಾಜನ್ನ ಕೇಳಿ.”

ಅದು ಮೊನಚು ಮಾತು, ಆದರೆ ಭಾವ ಅದನ್ನು ಸಲಹೆ ಎಂದು ತೆಗೆದುಕೊಂಡರು. ಅಷ್ಟು ಗತಿಗೆಟ್ಟಿದ್ದರು. ತುಂಡನ್ನು ನಾಯಿಯ ಮುಂದೆ ಹಿಡಿಯುತ್ತಿದ್ದರು. ಮಹಾರಾಜ ಸೀನಿ ಹಿಂದೆ ಸರಿದರೆ ಸೋಪು ಪಾಸು. ನೆಕ್ಕಿದರೆ, ಅಥವಾ ಕತ್ತು ಬಗ್ಗಿಸಿ ಅದರ ಮೇಲೆ ಹೊರಳಲು ನೋಡಿದರೆ, ಕೊಬ್ಬು ಹಳಸಿದೆ ಎಂದರ್ಥ, ಕುಟ್ಟಿ. ಒಂದು ಸಲವೂ ತಪ್ಪಲಿಲ್ಲ. ಮೊದಲೆಲ್ಲ ಭಾವ ಯಾರ ಮೇಲೋ ಸಿಟ್ಟು ಬಂದರೆ ಅವರ ಪಾಕವನ್ನು ಕುಟ್ಟಿಗೆ ಹಾಕುತ್ತಿದ್ದರು. ನಾಯಿಗೆ ಕಾರ್ಖಾನೆಯಲ್ಲಿ ಯಾರ ಮೇಲೂ ಹಗೆ ಇರಲಿಲ್ಲ. ಹೀಗಾಗಿ ಸೋಪು ಸುಧಾರಿಸಿತು, ಜಗಳ ನಿಂತವು. ಮೂಗಿಲ್ಲದ ಮೂಗಿನ ಕೀರ್ತಿ ಮ್ಯಾನೇಜರ ಕಿವಿಗೆ ಬಿತ್ತು.

ಮ್ಯಾನೇಜರು ಒಂದು ಮಧ್ಯಾಹ್ನ ಮನೆಗೇ ಬಂದರು. ಭಾವನನ್ನು ಮುಖ್ಯ ಪರೀಕ್ಷಕರನ್ನಾಗಿ ಮಾಡುವ ಮಾತಿತ್ತು. ಬಹಳ ಸಭ್ಯ ಮನುಷ್ಯ. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬರುವ, ಮಾತಿಗೊಮ್ಮೆ ನಗುವ ಜಾತಿ. ಅದೊಂದು ದಿನದ ಮಟ್ಟಿಗೆ ಅಕ್ಕ ಮಾಡಿದ ಏರ್ಪಾಡು ಹೀಗಿತ್ತು: ಮ್ಯಾನೇಜರು ಏನಾದರೂ ಮೂಸಲು ಕೊಟ್ಟರೆ ಎಂದು ಅವಳು ಎದುರಿಗೆ ಕೂರುತ್ತಾಳೆ. ಕಿವಿ ಮುಟ್ಟಿಕೊಂಡರೆ ಪರಿಮಳ, ಗಲ್ಲ ಮುಟ್ಟಿಕೊಂಡರೆ ನಾತ. ಮಹಾರಾಜನನ್ನು ಹಿತ್ತಲಲ್ಲಿ ಹಗ್ಗದಿಂದ ಕಟ್ಟಿಹಾಕಲಾಗಿತ್ತು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಮ್ಯಾನೇಜರು ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರು.

“ಆ ಕೊಬ್ಬಿನ ಶೆಡ್ಡಿನದೇ ತಲೆನೋವು ನೋಡಿ. ಇನ್ನೊಬ್ಬ ಮೇಸ್ತ್ರಿ ಓಡಿಹೋದ. ಎಷ್ಟು ಕೊಡ್ತೀವಿ ಅಂದ್ರೂ ಯಾರೂ ನಿಲ್ತಿಲ್ಲ.”

“ಪಾಪ, ಮನುಷ್ಯರು ನಿಲ್ಲೋ ಜಾಗ ಅಲ್ಲ ಸಾರ್ ಅದು,” ಅಂದರು ಭಾವ, ಅನುಭವಸ್ಥರ ದನಿಯಲ್ಲಿ.

ಅಕ್ಕ ಕಾಫಿ ತರಲು ಒಳಗೆ ಹೋದಳು. ಅಷ್ಟೇ ಹೊತ್ತು. ಹಿತ್ತಲ ಬಾಗಿಲು ದಡಾರೆಂದಿತು. ತುಂಡಾದ ಹಗ್ಗವನ್ನು ಎಳೆದುಕೊಂಡು ಮಹಾರಾಜ ನಡುಮನೆಗೆ ಬಂದ. ಎಲ್ಲಿ ಹೋಗಿದ್ದನೋ, ಯಾರ ಯಾವುದರಲ್ಲಿ ಹೊರಳಿದ್ದನೋ, ಕತ್ತಿನಿಂದ ಬಾಲದವರೆಗೆ ಹಸಿರು ಬಳಿದುಕೊಂಡಿದ್ದ. ಹುಲ್ಲಿನ ಬಣ್ಣವೆಂದು ನಂಬುವವರು ನಂಬಬಹುದಿತ್ತು, ಮೂಗಿಲ್ಲದಿದ್ದರೆ. ಬಂದವನೇ ಮ್ಯಾನೇಜರ ಕಾಲ ಹತ್ತಿರ ಕೂತ.

ಮ್ಯಾನೇಜರ ಕಣ್ಣಲ್ಲಿ ನೀರು ಬಂತು. ಆದರೆ ಇನ್ನೊಬ್ಬರ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವ ಮನುಷ್ಯ ಅವರಲ್ಲ. ನಗುನಗುತ್ತಲೇ ಅಂದರು:

“ಅಬ್ಬಬ್ಬಾ! ಏನ್ ವಾಸನೆ ರೀ ಇದು!”

ನಾನು ಬಾಗಿಲಲ್ಲಿ ನಿಂತಿದ್ದೆ. ಗಲ್ಲ ಮುಟ್ಟಿಕೊಂಡೆ, ಕೆಮ್ಮಿದೆ, ಗಲ್ಲವನ್ನು ಹಿಂಡಿಯೇಬಿಟ್ಟೆ. ಭಾವ ನನ್ನ ಕಡೆ ನೋಡಲಿಲ್ಲ. ಅವರು ಮ್ಯಾನೇಜರ ಮುಖ ನೋಡುತ್ತಿದ್ದರು. ಅಲ್ಲಿ ನಗುವಿತ್ತು, ಕಣ್ಣು ತುಂಬಿ ಬಂದಿತ್ತು. ಮನೆಗೆ ಕಾಲಿಡಗೊಡದೆ ಹೊರಗಿಟ್ಟಿದ್ದ ಆ ಪದ ಎರಡೂ ಪಾರ್ಟಿಗೆ ಸಾಕ್ಷಿ ಹೇಳುತ್ತ ನಡುಮನೆಯಲ್ಲಿ ನಿಂತಿತ್ತು. ಭಾವ ತಮಗೆ ಬೇಕಾದ ಅರ್ಥ ಆರಿಸಿಕೊಂಡರು.

“ನಮ್ದೇ ಸಾರ್!” ಅಂದರು ಎದೆಯುಬ್ಬಿಸಿ. “ನಮ್ಮ ಹೊಸ ಮಲ್ಲಿಗೆ ಸೋಪು. ಬೆಳಿಗ್ಗೆ ಅದರಲ್ಲೇ ಸ್ನಾನ ಮಾಡ್ಸಿದ್ದು. ಮಧ್ಯಾಹ್ನ ಆದ್ರೂ ಹೇಗೆ ನಿಂತಿದೆ ನೋಡಿ!”

ಮ್ಯಾನೇಜರ ನಗು ಆರಿತು.

“ಇದು… ಮಲ್ಲಿಗೆ ಸೋಪಾ?”

“ನಾನೇ ಮೂಸಿ ಪಾಸು ಮಾಡಿದ್ದು ಸಾರ್. ಎರಡು ಮಾತಿಲ್ಲ.”

ಪಾಪದ ಮನುಷ್ಯ ತನ್ನ ಮೂಗನ್ನು ನಂಬಬೇಕೋ ಭಾವನ ಮೂಗನ್ನೋ ತಿಳಿಯದೆ ಕ್ಷಣಹೊತ್ತು ಒದ್ದಾಡಿದರು. ಆಮೇಲೆ ಅವಸರದಲ್ಲಿ ಜೇಬಿನಿಂದ ಫೋನು ತೆಗೆದರು. “ಹಲೋ, ಗೋದಾಮಾ? ಮಲ್ಲಿಗೆ ಸೋಪಿನ ಲಾರಿ ಹೊರಟಿತಾ? ನಿಲ್ಸಿ! ಗೇಟಲ್ಲೇ ನಿಲ್ಸಿ! ಎಲ್ಲಾ ವಾಪಸ್ ಕಡಾಯಿಗೆ!”

ಏನೋ ಎಡವಟ್ಟಾಗಿದೆ ಎಂದು ಭಾವನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಕಾಫಿ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತು, ಗಂಡನನ್ನು ನೋಡಿದಳು, ಫೋನನ್ನು ನೋಡಿದಳು, ನಾಯಿಯನ್ನು ನೋಡಿದಳು. ಲೋಟಗಳನ್ನು ಮೇಜಿನ ಮೇಲಿಟ್ಟಳು.

“ಲಾರಿ ಹೋಗ್ಲಿ ಬಿಡಿ ಸಾರ್. ಸೋಪು ಚೆನ್ನಾಗೇ ಇದೆ. ನಾಯಿ ಹೇಲಲ್ಲಿ ಹೊರಳಾಡಿ ಬಂದಿದೆ. ಇವರಿಗೆ ಮೂಗಿಲ್ಲ, ಅಷ್ಟೆ.”

ಗೋದಾಮಿನವನು ಫೋನಿನೊಳಗಿಂದ “ಹಲೋ, ಹಲೋ” ಎನ್ನುತ್ತಲೇ ಇದ್ದ. ಮ್ಯಾನೇಜರು ಕೊನೆಗೂ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ಈಗ ಅದು ಅಸಭ್ಯವಲ್ಲ.

“ಏನೇನೂ ಬರಲ್ವಾ?” ಎಂದು ಭಾವನನ್ನು ಕೇಳಿದರು.

“ಇಲ್ಲ ಸಾರ್.”

“ಇಷ್ಟು… ಇಷ್ಟಿದ್ರೂ ಬರಲ್ವಾ?”

“ಇಲ್ಲ ಸಾರ್.”

ಮ್ಯಾನೇಜರ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬೇರೆ. ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಮಂಚದ ಕೆಳಗೇ ಸಿಕ್ಕಿದವರ ಹಾಗೆ, ಅವರು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಭಾವ ಈಗ ಕೊಬ್ಬಿನ ಶೆಡ್ಡಿನ ಮುಖ್ಯಸ್ಥರು. ಸಂಬಳ ಕಡಿಮೆಯಾಗಿಲ್ಲ. ಅಲ್ಲಿ ಅವರಷ್ಟು ದಿನ ನಿಂತವರು ಇನ್ನೊಬ್ಬರಿಲ್ಲ ಎಂದು ಕಾರ್ಖಾನೆಯೇ ಮೆಚ್ಚಿಕೊಂಡಿದೆ. ‘ಮೂಗು’ ಎಂದು ಈಗಲೂ ಕರೆಯುತ್ತಾರೆ. ಅದು ಬಿರುದಲ್ಲ ಎಂದು ಭಾವನಿಗೆ ಈಗ ಗೊತ್ತು.

ಇದರಿಂದ ನಿಜವಾಗಿ ಸಂತೋಷಪಟ್ಟವನು ಮಹಾರಾಜ. ಮೊದಲು ಭಾವ ಬಂದರೆ ಮೇಜಿನ ಕೆಳಗೆ ನುಸುಳುತ್ತಿದ್ದವನು, ಈಗ ಸಂಜೆ ಗೇಟಿನಲ್ಲೇ ಕಾಯುತ್ತಾನೆ. ಭಾವ ಬೀದಿಯ ತಿರುವಿಗೆ ಬರುತ್ತಿದ್ದಂತೆ ಕುಣಿಯುತ್ತಾನೆ. ಅವರು ಗೇಟಿನೊಳಗೆ ಬಂದು ಅಂಗಿ ಬಿಚ್ಚಿ ಕೆಳಗೆ ಹಾಕಿದ ಕೂಡಲೇ, ಮೊದಲು ಕತ್ತಿನ ಒಂದು ಬದಿ, ಆಮೇಲೆ ಭುಜ, ಆಮೇಲೆ ನಾಲ್ಕೂ ಕಾಲು ಮೇಲೆ. ಅಂಥ ಸೆಂಟು ಅವನಿಗೆ ಆಯುಷ್ಯದಲ್ಲೇ ಸಿಕ್ಕಿರಲಿಲ್ಲ.

ಅವರಿಬ್ಬರಿಗೂ ಹಾಗೇ ಮನೆಯೊಳಗೆ ಪ್ರವೇಶವಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಭಾವ ಮೊದಲು ನಾಯಿಯನ್ನು ತಿಕ್ಕುತ್ತಾರೆ. ಮೂಗು ಮುಚ್ಚಿಕೊಳ್ಳದೆ ಆ ಕೆಲಸ ಮಾಡಬಲ್ಲವರು ಮನೆಯಲ್ಲಿ ಅವರೊಬ್ಬರೇ. ಆಮೇಲೆ ತಮ್ಮನ್ನು ತಾವು ತಿಕ್ಕಿಕೊಳ್ಳುತ್ತಾರೆ, ಅದೇ ಮಲ್ಲಿಗೆ ಸೋಪಿನಲ್ಲಿ. ನೊರೆ ಮೆತ್ತಿದ ಮುಖವೆತ್ತಿ ಬಾಗಿಲ ಕಡೆ ನೋಡುತ್ತಾರೆ.

“ಹೋಯ್ತೇನೆ?”

ಅಕ್ಕ ಒಳಗೆ ತರಕಾರಿ ಹೆಚ್ಚುತ್ತಿರುತ್ತಾಳೆ. ತಲೆ ಎತ್ತುವುದಿಲ್ಲ, ಮೂಸುವುದಂತೂ ಇಲ್ಲವೇ ಇಲ್ಲ.

“ಇನ್ನೂ ಇದೆ,” ಎನ್ನುತ್ತಾಳೆ.